ಬಾಗಿಲು ಹಾಕಿ ಹೋದವನು

"ಹಿಂದೆ ಕೂತ್ರೆ ಕಾಲು ಮರಗಟ್ಟುತ್ತೆ ಅತ್ತೆ. ಮುಂದೆ ಬನ್ನಿ. ಹೀಟರ್ ಗಾಳಿ ಇಲ್ಲಿಗೇ ಬರೋದು," ಎಂದು ಸ್ತೆಪಾನಿದಾ ಎರಡನೆಯ ಸಲ ಹೇಳಿದಳು.

ಮಾತ್ರ್ಯೋನಾ ಮುದುಕಿ ಕೇಳಿಸದವಳಂತೆ ಹಿಂದಿನ ಬಾಗಿಲು ತೆಗೆದು, ತುಪ್ಪಳದ ಕೋಟನ್ನು ಒತ್ತಿ ಹಿಡಿದುಕೊಂಡು ಒಳಗೆ ತೂರಿದಳು. ಚಳಿಗೆ ಹಲಗೆಯಂತಾಗಿದ್ದ ಸೀಟು ಅವಳ ಭಾರಕ್ಕೆ ಬಗ್ಗಲೇ ಇಲ್ಲ. "ಅವನು ಓಡಿಸೋವಾಗ್ಲೂ ನಾನು ಇಲ್ಲೇ ಕೂರ್ತಿದ್ದೆ. ನೀನು ಹೊರಡು."

ಪಕ್ಕದ ಮನೆಯ ಫೆಕ್ಲಾ ಕಟ್ಟಿಗೆ ರಾಶಿಯ ಮೇಲಿಂದ ಇಣುಕಿದಳು. "ಸತ್ತವನ ಕಾರು, ಹೋಗೋದು ಅವನು ಸತ್ತ ಜಾಗಕ್ಕೆ! ಅದೂ ಇಂಥ ಚಳೀಲಿ! ಅತ್ತೆಗೆ ತಕ್ಕ ಸೊಸೆ ನೀನು."

"ಬಾಯಿ ಮುಚ್ಚು ಫೆಕ್ಲಾ, ನಾಲಿಗೆ ಹೆಪ್ಪುಗಟ್ಟೀತು," ಎಂದು ಮುದುಕಿ ಬಾಗಿಲು ಎಳೆದುಕೊಂಡಳು.

ಕಾರು ಹೊರಟಿತು. ನಿಂತಲ್ಲೇ ಚಪ್ಪಟೆಯಾಗಿ ಗಟ್ಟಿಯಾಗಿದ್ದ ಟಯರುಗಳು ಮೊದಲ ಒಂದಷ್ಟು ದೂರ ಎತ್ತಿನ ಗಾಡಿಯಂತೆ ಧಡ್ ಧಡ್ ಎಂದು ಕುಟ್ಟಿದವು. ಅದು ಜಪಾನಿನಿಂದ ಹಡಗಿನಲ್ಲಿ ಬಂದ, ಬಹಳ ಕೈ ಬದಲಾಯಿಸಿದ ಪುಟ್ಟ ಕಾರು. ಸ್ತೆಪಾನಿದಾಳ ಗಂಡ ಗವ್ರಿಲ್ ಅದನ್ನು ಕೊಂಡ ವರ್ಷವೇ ಕಿಟಕಿಗಳಿಗೆಲ್ಲ ಒಳಗಿನಿಂದ ಇನ್ನೊಂದು ಗಾಜು ಅಂಟಿಸಿದ್ದ. ಎಂಜಿನ್ನಿಗೆ ಉಣ್ಣೆಯ ಕಂಬಳಿ ಹೊದಿಸಿ, ಮುಂದಿನ ಜಾಲರಿಗೆ ರಟ್ಟು ಕಟ್ಟಿದ್ದ. ತೀತ್ತಾಖ್ ಹಳ್ಳಿಯಲ್ಲಿ ದೊಡ್ಡ ಜೀಪುಗಳಿದ್ದವರು ಅವನನ್ನು ಕಂಡಾಗಲೆಲ್ಲ, "ಆಟಿಕೆ ಕಾರಿಗೆ ಸ್ವೆಟರ್ ಹೆಣೆಸಿದ್ದೀಯಲ್ಲೋ," ಎಂದು ರೇಗಿಸುತ್ತಿದ್ದರು. ಆದರೆ ಅವರ ಜೀಪುಗಳು ಮುಷ್ಕರ ಹೂಡಿದ ದಿನಗಳಲ್ಲೂ ಆಟಿಕೆ ಕಾರು ಕೆಮ್ಮಿ ಕೆಮ್ಮಿ ಹೊರಟುಬಿಡುತ್ತಿತ್ತು.

ಹೋದ ವರ್ಷ ಇದೇ ಜನವರಿಯಲ್ಲಿ ಗವ್ರಿಲ್ ಸತ್ತಿದ್ದ. ಯಾಕುಟ್ಸ್ಕ್ ನಗರದಿಂದ ಹಳ್ಳಿಗೆ ಮರಳುವಾಗ ಕಾರು ದಾರಿಯಲ್ಲಿ ನಿಂತಿತ್ತು. ಮರುದಿನ ಅವನು ಸಿಕ್ಕಿದ್ದು ರಸ್ತೆಯಲ್ಲಲ್ಲ, ರಸ್ತೆ ಬಿಟ್ಟು ಕಾಡಿನೊಳಗೆ ಬಹಳ ದೂರದಲ್ಲಿ. ಕಾರಿನ ಹಿಂಬದಿಯಲ್ಲಿ ಕೊಡಲಿಯಿತ್ತು, ಒಣ ಕಟ್ಟಿಗೆಯಿತ್ತು, ಹೊಗೆ ಎಬ್ಬಿಸಲೆಂದು ಇಟ್ಟ ಹಳೆಯ ಟಯರೊಂದಿತ್ತು. ಯಾವುದನ್ನೂ ಅವನು ಮುಟ್ಟಿರಲಿಲ್ಲ. ಕಾರು ನಿಂತರೆ ಅದನ್ನು ಬಿಟ್ಟು ಕದಲಬಾರದು, ಬೆಂಕಿ ಹಾಕಿಕೊಂಡು ಕಾಯಬೇಕು. ಆ ಸೀಮೆಯಲ್ಲಿ ಶಾಲೆಗೆ ಹೋಗುವ ಮಗುವಿಗೂ ಗೊತ್ತಿರುವ ಮಾತು ಅದು. ಗೊತ್ತಿದ್ದೂ ಹೋದ ಎಂದರೆ ಹೋಗಬೇಕೆಂದೇ ಹೋದ ಎಂದು ಊರು ತೀರ್ಮಾನಿಸಿತು. ಬಾಯಿಬಿಟ್ಟು ಯಾರೂ ಅನ್ನಲಿಲ್ಲ. ಸ್ತೆಪಾನಿದಾ ಅಂಗಡಿಯೊಳಗೆ ಕಾಲಿಟ್ಟೊಡನೆ ಅಲ್ಲಿನ ಮಾತು ನಿಂತುಬಿಡುತ್ತಿತ್ತು, ಅಷ್ಟೆ.

ಅವಳಿಗೂ ಒಳಗೊಳಗೇ ಹಾಗೆಯೇ ಅನಿಸುತ್ತಿತ್ತು. ಆದರೂ ಕಾರನ್ನು ಮಾರಲಿಲ್ಲ. ದಿನಾ ಅದರಲ್ಲೇ ಪಕ್ಕದ ಹಳ್ಳಿಯ ಶಾಲೆಗೆ ಪಾಠ ಹೇಳಲು ಹೋಗಿಬರುತ್ತಿದ್ದಳು. ಒಬ್ಬಳೇ ಇದ್ದಾಗಲೂ ಪಕ್ಕದ ಸೀಟಿನ ಕಿಟಕಿಯಲ್ಲಿ ಮಂಜು ದಪ್ಪಗೆ ಕಟ್ಟುತ್ತಿತ್ತು. ಅಲ್ಲಿ ಯಾರೋ ಕೂತು ಗಾಜಿನತ್ತ ಮುಖ ಮಾಡಿ ಉಸಿರಾಡಿದ ಹಾಗೆ. ಗಾಜು ಅಂಟಿಸಿದ ಟೇಪು ಬಿಟ್ಟುಕೊಂಡಿದೆ ಎಂದು ತನಗೆ ತಾನೇ ಹೇಳಿಕೊಂಡು ಕೆರೆದು ತೆಗೆಯುತ್ತಿದ್ದಳು. ಟೇಪನ್ನು ಮಾತ್ರ ಒಮ್ಮೆಯೂ ಸರಿಮಾಡಲಿಲ್ಲ.

ರಸ್ತೆಯುದ್ದಕ್ಕೂ ಎಲೆಯುದುರಿದ ಮರಗಳು ಎರಡೂ ಕಡೆ ಬಿಳಿ ಹೊದ್ದು ನಿಂತಿದ್ದವು. ಸೂರ್ಯ ಮರಗಳ ನೆತ್ತಿಯ ಮೇಲೆ ಬರಲಾರದೆ ಕಾಂಡಗಳ ನಡುವೆಯೇ ಉರುಳುತ್ತಿದ್ದ. ಕನ್ನಡಿಯಲ್ಲಿ ಕಣ್ಣಿಟ್ಟಾಗಲೆಲ್ಲ ಮುದುಕಿ ತನ್ನ ಕತ್ತಿನ ಹಿಂಭಾಗವನ್ನೇ ನೋಡುತ್ತಿರುವುದು ಸ್ತೆಪಾನಿದಾಗೆ ಕಾಣುತ್ತಿತ್ತು. ಅಲ್ಲಿ ಅವಳು ಯಾರ ಕತ್ತನ್ನು ನೋಡುತ್ತಿದ್ದಾಳೆಂದು ಕೇಳುವ ಧೈರ್ಯವಾಗಲಿಲ್ಲ.

ತಿರುವಿನ ಮರಕ್ಕೆ ಬಣ್ಣದ ಬಟ್ಟೆಯ ಚೂರುಗಳನ್ನೂ ಕುದುರೆಯ ಬಾಲದ ಕೂದಲನ್ನೂ ಯಾರೋ ಕಟ್ಟಿದ್ದರು. ಕಾರು ನಿಂತಿದ್ದ ಜಾಗ ಅದೇ. ಎಂಜಿನ್ ಆರಿಸದೆ ಸ್ತೆಪಾನಿದಾ ಕೆಳಗಿಳಿದಳು. ಮುದುಕಿ ಬೆಳಿಗ್ಗೆ ಬೆಣ್ಣೆಯಲ್ಲಿ ಬೇಯಿಸಿ ಎದೆಗವಚಿಕೊಂಡು ತಂದಿದ್ದ ಅಲಾಜಿ ರೊಟ್ಟಿಗಳನ್ನು ಮರದ ಬುಡದಲ್ಲಿಟ್ಟಳು. ಬಿಟ್ಟ ಉಸಿರು ಬಾಯಿಯ ಮುಂದೆಯೇ ಹೆಪ್ಪುಗಟ್ಟಿ ಸರಸರ ಸದ್ದು ಮಾಡುತ್ತಿತ್ತು.

"ತಿನ್ನಪ್ಪ. ಬಿಸಿ ಇರೋವಾಗ್ಲೇ ತಿನ್ನು," ಎಂದಳು ಮುದುಕಿ. ಆಮೇಲೆ ತಿರುಗದೆಯೇ ಕೇಳಿದಳು, "ಹೋಗೋ ಮುಂಚೆ ಅವನು ನಿನ್ ಹತ್ರ ಏನಂದಿದ್ದ?"

ಒಂದು ವರ್ಷದಿಂದ ಈ ಪ್ರಶ್ನೆ ಒಂದೇ ಮನೆಯಲ್ಲಿ ಅವರ ಜೊತೆ ಉಂಡು ಮಲಗಿ ಎದ್ದಿತ್ತು.

"ನಂಗೆ ಸಾಕಾಗಿದೆ ಕಣೇ ಅಂದಿದ್ರು," ಎಂದಳು ಸ್ತೆಪಾನಿದಾ. "ಹಿಂದಿನ ರಾತ್ರಿ. ದೀಪ ಆರಿಸಿದ ಮೇಲೆ."

"ಏನು ಸಾಕಾಗಿದೆ ಅಂತ ಕೇಳ್ಲಿಲ್ವ ನೀನು?"

"ನಿದ್ದೆ ಬರ್ತಿತ್ತು ಅತ್ತೆ. ಮಗ್ಗುಲಾದೆ."

ಮುದುಕಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಮೆಲ್ಲಗೆ ನಡೆದು ಹೋಗಿ ಹಿಂದಿನ ಸೀಟಿನಲ್ಲಿ ಕೂತಳು.

ಹಿಂತಿರುಗುವ ದಾರಿ ಹಿಡಿದು ಇನ್ನೂ ತಿರುವು ದಾಟಿರಲಿಲ್ಲ, ಎಂಜಿನ್ನಿನೊಳಗೆ ಚಾವಟಿ ಬೀಸಿದಂಥ ಸದ್ದಾಯಿತು. ಹೀಟರಿನ ಗಾಳಿ ತಣ್ಣಗಾಗತೊಡಗಿತು. ಆಮೇಲೆ ಎಂಜಿನ್ನೇ ನಿಂತಿತು. ಸ್ತೆಪಾನಿದಾ ಮುಚ್ಚಳ ತೆಗೆದು ನೋಡಿದಳು. ರಬ್ಬರಿನ ಬೆಲ್ಟು ಚಳಿಗೆ ಬಿರುಸಾಗಿ, ಒಣ ಕಡ್ಡಿಯಂತೆ ಮುರಿದು ಬಿದ್ದಿತ್ತು. ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ.

"ಇಲ್ಲೇ ನಿಲ್ಲಿಸಿದ ನೋಡು," ಎಂದಳು ಮುದುಕಿ.

"ಬೆಲ್ಟು ಹೋಗಿದೆ ಅತ್ತೆ. ಯಾರೂ ನಿಲ್ಲಿಸ್ಲಿಲ್ಲ. ನೀವು ಕದಲ್ಬೇಡಿ, ಬೆಂಕಿ ಮಾಡ್ತೀನಿ. ಲಾರಿ ಬಂದೇ ಬರುತ್ತೆ."

ಸ್ತೆಪಾನಿದಾ ಎಂಜಿನ್ನಿನ ಮೇಲಿದ್ದ ಕಂಬಳಿಯನ್ನು ಅತ್ತೆಯ ಕಾಲಿಗೆ ಸುತ್ತಿ, ಕಟ್ಟಿಗೆ ಹೊರಗೆ ತಂದು ರಸ್ತೆಯ ಅಂಚಿನಲ್ಲಿ ಮಂಡಿಯೂರಿದಳು. ಕೈಗವಸು ತೆಗೆಯದೆ ಬೆಂಕಿಕಡ್ಡಿ ಹಿಡಿಯಲಾಗದು, ತೆಗೆದರೆ ಬೆರಳು ಮಡಚಲಾಗದು. ಕಡ್ಡಿಗಳು ಒಂದೊಂದೇ ಹಿಮದಲ್ಲಿ ಬಿದ್ದವು. ಕೊನೆಗೆ ಸಿಬಿರಿಗೆ ಉರಿ ಹತ್ತಿತು. ಅದರ ಮೇಲೆ ಹಳೆಯ ಟಯರು ಉರುಳಿಸಿದಳು. ಕಪ್ಪು ಹೊಗೆ ನೆಟ್ಟಗೆ ಮೇಲೇರತೊಡಗಿದ ಮೇಲೆ ತಲೆಯೆತ್ತಿ ನೋಡಿದರೆ ಸೂರ್ಯ ಹೋಗಿದ್ದ. ಹಿಮವೆಲ್ಲ ನೀಲಿಯಾಗಿತ್ತು.

ಕಾರಿನ ಹಿಂದಿನ ಸೀಟು ಖಾಲಿಯಿತ್ತು.

ಬಾಗಿಲು ಸರಿಯಾಗಿ ಹಾಕಿತ್ತು. ಕಂಬಳಿಯನ್ನು ಮಡಿಸಿ ಸೀಟಿನ ಮೇಲಿಟ್ಟಿತ್ತು. ಆಚೆ ಬದಿಯಿಂದ ಸಣ್ಣ ಹೆಜ್ಜೆಗಳು ಮರಗಳ ನಡುವೆ ಹೋಗಿದ್ದವು.

"ಅತ್ತೇ!"

ಮೊಣಕಾಲುದ್ದದ ಹಿಮದಲ್ಲಿ ಓಡಲಾಗಲಿಲ್ಲ. ಗಂಟಲಿಗೆ ಗಾಳಿ ಗಾಜಿನ ಚೂರಿನಂತೆ ಇಳಿಯಿತು. ಮುದುಕಿ ಅವಸರವಿಲ್ಲದೆ, ನೆರೆಮನೆಗೆ ಹಾಲು ತರಲು ಹೊರಟವಳಂತೆ ನಡೆಯುತ್ತಿದ್ದಳು. ಸ್ತೆಪಾನಿದಾ ಅವಳ ತೋಳು ಹಿಡಿದಾಗ ಕೊಸರಿಕೊಳ್ಳಲೂ ಇಲ್ಲ.

"ಎಲ್ಲಿಗೆ ಹೊರಟ್ರಿ ನೀವು?"

"ಅಲ್ನೋಡು, ಮನೆ ಇದೆ. ಇಷ್ಟು ಹತ್ರ ಇಟ್ಕೊಂಡು ನೀನ್ಯಾಕೆ ಚಳೀಲಿ ಕೂತಿದ್ದೀಯ? ಹೋಗಿ ಯಾರನ್ನಾದ್ರೂ ಕರ್ಕೊಂಡು ಬರೋಣ."

ಸ್ತೆಪಾನಿದಾ ನೋಡಿದಳು. ಮರಗಳ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಬೆಳಕು ನಿಂತಿತ್ತು. ಹೊಗೆಗೂಡಿನಿಂದ ನೆಟ್ಟಗೆ ಏಳುವ ಹೊಗೆಗೆ ಕೆಳಗಿನ ಒಲೆಯ ಕೆಂಪು ಹತ್ತಿದ ಹಾಗೆ, ಹಳದಿಯಾಗಿ, ಉದ್ದಕ್ಕೆ, ಅಲುಗದೆ. ಅದರ ಬುಡದಲ್ಲಿ ಬಾಗಿಲು ಇರಲೇಬೇಕು ಎನಿಸುವಂಥ ಬೆಳಕು. ಹೌದಲ್ಲ, ಎಂದುಕೊಂಡಳು ಅವಳು. ಇಷ್ಟೇ ದೂರ. ಅತ್ತೆಯ ತೋಳನ್ನು ಬಿಡದೆ ಅವಳೂ ನಡೆದಳು. ಎಷ್ಟು ನಡೆದಳೋ ಅವಳಿಗೆ ಆಮೇಲೆ ನೆನಪಾಗಲಿಲ್ಲ. ಕಾಲುಗಳ ನೋವು ಹೋಗಿತ್ತು. ಪಕ್ಕದಲ್ಲಿ ಮೂರನೆಯವರೊಬ್ಬರು ತಮ್ಮ ಜೊತೆಗೇ ಹೆಜ್ಜೆ ಹಾಕುತ್ತಿರುವುದು ಸಹಜವೆನಿಸಿತು. ತಿರುಗಿ ನೋಡಬೇಕೆಂದೂ ಅನಿಸಲಿಲ್ಲ.

ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡು ಕಣ್ಣು ಕಟ್ಟಿದಾಗ ಅವಳು ನಿಂತಳು. ಅಂಗೈಯಿಂದ ಕಣ್ಣು ಒತ್ತಿ ಮಂಜು ಕರಗಿಸುತ್ತಿರುವಾಗ ಟಯರು ಸುಡುವ ನಾತ ಮೂಗಿಗೆ ಬಡಿಯಿತು. ಬಹಳ ತೆಳ್ಳಗೆ, ಹಿಂದೆ ಎಲ್ಲಿಂದಲೋ. ಅವಳು ತಿರುಗಿದಳು. ಬೆಂಕಿ ಬೆರಳ ತುದಿಯಷ್ಟಾಗಿತ್ತು. ಕಾರು ಮರಗಳ ನಡುವೆ ಎಲ್ಲಿದೆಯೆಂದೇ ತಿಳಿಯಲಿಲ್ಲ. ಮತ್ತೆ ಮುಂದೆ ನೋಡಿದಳು. ಬೆಳಕು ಮೊದಲಿದ್ದಷ್ಟೇ ದೂರದಲ್ಲಿ ನಿಂತಿತ್ತು.

"ಅತ್ತೆ, ಅದು ಹತ್ರ ಬರ್ತಿಲ್ಲ."

"ಬರುತ್ತೆ, ನಡಿ."

"ಬರ್ತಿಲ್ಲ ಅತ್ತೆ! ನೋಡಿ ನೀವು!"

ಅವಳು ಮುದುಕಿಯ ಹೆಗಲು ಹಿಡಿದು ಹಿಂದಕ್ಕೆ ತಿರುಗಿಸಿದಳು. ಮಾತ್ರ್ಯೋನಾ ದೂರದ ಸಣ್ಣ ಬೆಂಕಿಯನ್ನು ನೋಡಿದಳು, ಬೆಳಕಿನ ಕಂಬವನ್ನು ನೋಡಿದಳು, ತಾವಿಬ್ಬರೂ ತುಳಿದು ಬಂದ ಹೆಜ್ಜೆಗಳನ್ನು ನೋಡಿದಳು. ಅವಳ ಬಾಯಿ ತೆರೆದೇ ಇತ್ತು.

"ನಾನು ಕಾರಿನ ಬಾಗಿಲು ಹಾಕಿ ಬಂದೆ," ಎಂದಳು.

"ಹೌದು."

"ಒಳಗಿನ ಬಿಸಿ ಹೋಗ್ಬಾರ್ದು ಅಂತ. ಬಂದ್ಮೇಲೆ ಕೂರ್ಬೇಕಲ್ಲ." ಅವಳು ಸೊಸೆಯ ತೋಳನ್ನು ಗಟ್ಟಿಯಾಗಿ ಹಿಡಿದಳು. "ಅವತ್ತು ಅವನೂ ಹಾಕಿದ್ನಲ್ಲೇ, ಸ್ತೆಪಾ. ಬಾಗಿಲು ಹಾಕಿತ್ತು ಅಂದ್ರು ನೋಡ್ದೋರೆಲ್ಲ. ವಾಪಸ್ ಬರಲ್ಲ ಅನ್ನೋನು ಬಾಗಿಲು ಯಾಕೆ ಹಾಕ್ತಾನೆ?"

ಸ್ತೆಪಾನಿದಾ ಅತ್ತೆಯನ್ನು ಅರ್ಧ ಎಳೆದು ಅರ್ಧ ಹೊತ್ತು ತಮ್ಮ ಹೆಜ್ಜೆಗಳ ಗುಂಟ ನಡೆಸಿದಳು. ಮುದುಕಿ ಎರಡು ಸಲ ಕೂತುಬಿಟ್ಟಳು. ಎರಡನೆಯ ಸಲ, "ಏಳು ಮುದುಕಿ, ಏಳು, ಇಲ್ಲಾಂದ್ರೆ ಒದೀತೀನಿ," ಎಂದು ಸ್ತೆಪಾನಿದಾ ಕಿರುಚಿದಳು. ಮದುವೆಯಾಗಿ ಬಂದ ಮೇಲೆ ಅತ್ತೆಗೆ ಅವಳು ಏಕವಚನ ಹಚ್ಚಿದ್ದು ಅದೇ ಮೊದಲು. ಮುದುಕಿ ಎದ್ದಳು.

ಕಲ್ಲಿದ್ದಲ ಲಾರಿ ಬಂದಾಗ ಟಯರು ಉರಿದು ತಂತಿಯಾಗಿತ್ತು. ಡ್ರೈವರ್ ನ್ಯುರ್ಗುನ್ ಇಬ್ಬರನ್ನೂ ಮೂಟೆಯಂತೆ ಎತ್ತಿ ಮೇಲೆ ಕೂರಿಸಿದ. ಪುಟ್ಟ ಕಾರನ್ನು ಲಾರಿಯ ಹಿಂದೆ ಕಟ್ಟಿದ. ಮೇಲೆ ಬಂದವನೇ ಥರ್ಮಾಸಿನ ಚಹಾ ಬಗ್ಗಿಸುತ್ತಾ ಬೈಯತೊಡಗಿದ. "ಈ ಬೆಂಕಿಪೊಟ್ಟಣದಂಥ ಕಾರು ತಗೊಂಡು ಇಂಥ ಚಳೀಲಿ ಯಾರಕ್ಕ ಹೊರಡ್ತಾರೆ? ಸಾಯೋ ಆಸೆನಾ ನಿಮ್ಗೆ? ಕುಡಿ ಅಜ್ಜಿ, ಮೆಲ್ಲಗೆ, ನಾಲಿಗೆ ಸುಟ್ಕೊಳ್ಬೇಡ."

"ಆ ಕಡೆ ಯಾರ ಮನೆಯಪ್ಪ ಅದು?" ಎಂದು ಮುದುಕಿ ಗಾಜಿನ ಕಡೆ ಕೈ ತೋರಿಸಿದಳು.

"ಯಾವುದು? ಓ ಅದಾ! ಮನೆ ಎಲ್ಲಿಂದ ಬರ್ಬೇಕು ಅಜ್ಜಿ? ನದಿ ಆಚೆ ಗ್ಯಾಸ್ ಬಾವಿ ತೋಡ್ತಿದಾರೆ, ಅದರ ಲೈಟು. ನಡ್ಕೊಂಡು ಹೋದ್ರೆ ಎರಡು ದಿನ ಬೇಕು. ಗಾಳಿ ಇಲ್ದೆ ಚಳಿ ಹೀಗೆ ಕಚ್ಚಿ ಹಿಡಿದಾಗ ಮಾತ್ರ ಅದು ಗಾಳೀಲಿ ನಿಂತ ಹಿಮದ ಪುಡಿಗೆ ಬಡಿದು ಕಂಬದ ಥರ ಮೇಲಕ್ಕೆ ನಿಲ್ಲುತ್ತೆ. ಅದೂ ಈ ತಿರುವಲ್ಲೇ. ಒಬ್ಬನೇ ಬರೋವಾಗ ನಾನಂತೂ ಆ ಕಡೆ ನೋಡೋದೇ ಇಲ್ಲ."

ಅವನು ಗೇರು ಬದಲಿಸಿದ. ಲಾರಿ ತಿರುವು ದಾಟಿತು.

ಸ್ತೆಪಾನಿದಾಳ ಬೆರಳುಗಳು ಮೇಣದಂತೆ ಬೆಳ್ಳಗಾಗಿದ್ದವು. ಚಹಾದ ಲೋಟ ಹಿಡಿಯಲಾರದೆ ಅವನ್ನು ತೊಡೆಯ ಮೇಲೆ ಬೇರೆ ಯಾರದೋ ಕೈಗಳಂತೆ ಇಟ್ಟುಕೊಂಡಿದ್ದಳು. ಮುದುಕಿ ಅವಳತ್ತ ನೋಡದೆಯೇ ತನ್ನ ಕೋಟಿನ ಗುಂಡಿಗಳನ್ನು ಬಿಚ್ಚಿದಳು. ಸೊಸೆಯ ಕೈಗಳನ್ನು ಒಂದೊಂದಾಗಿ ಎಳೆದುಕೊಂಡು ಅಂಗಿಯೊಳಗೆ, ಬರಿಯ ಕಂಕುಳಿಗೆ ಸೇರಿಸಿ, ತೋಳುಗಳಿಂದ ಒತ್ತಿ ಹಿಡಿದಳು. ಅಷ್ಟು ತಣ್ಣಗಿನ ಕೈ ತಾಗಿದ್ದಕ್ಕೆ ಅವಳ ಮೈ ಒಮ್ಮೆ ಜುಂ ಎಂದಿತು. ಆಮೇಲೆ ಸ್ತೆಪಾನಿದಾಳ ಬೆರಳುಗಳಲ್ಲಿ ಉರಿ ಶುರುವಾಯಿತು. ಅವಳು ತುಟಿ ಕಚ್ಚಿಕೊಂಡು ಕೈ ಹಿಂದಕ್ಕೆಳೆಯಲು ನೋಡಿದಳು. ಮುದುಕಿ ಬಿಡಲಿಲ್ಲ.