ಭಾವನ ಪುಕ್ಕಟೆ ಸೇವೆ

ಪುಕ್ಕಟೆ ಅನ್ನುವುದರಲ್ಲೂ ನಾನಾ ನಮೂನೆ ಇದೆ. ಪ್ರತಿವರ್ಷ ಸೂಜಿ ಎಂಬ ದರ್ಜಿಯ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುತ್ತಿದ್ದವನು ಅವಳ ಅಕ್ಕನ ಗಂಡ. ಬಿಡಿಗಾಸು ಮುಟ್ಟುತ್ತಿರಲಿಲ್ಲ, ಪಾಪ. ಎರಡು ಪ್ಯಾಂಟಿನ ಸೊಂಟ ಸಡಿಲಿಸಿ, ಮನೆಯ ಪರದೆಗಳಿಗೆಲ್ಲ ಅಂಚು ಹೊಲಿದುಕೊಟ್ಟರೆ ಮುಗಿಯಿತು.

ಅದನ್ನಾದರೂ ಅವಳು ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಭಾವನ ಬಾಯಿ. ಅವಳ ವರ್ಷದ ಗಳಿಕೆ ಅವನ ಕಿವಿಗೆ ಬಿದ್ದ ವಾರದೊಳಗೆ ಬಂಧುಬಳಗಕ್ಕೆಲ್ಲ ಬಾಯಿಪಾಠ. ಹೋದ ವರ್ಷ ಚಿಕ್ಕಪ್ಪನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ನೀರಿನ ಜಗ್ ದಾಟಿಸುತ್ತಲೇ, "ನಮ್ಮ ನಾದಿನೀನ ಸಾಮಾನ್ಯ ಅಂದ್ಕೋಬೇಡಿ" ಎಂದು ಶುರುಮಾಡಿ ಅಂಕಿಸಮೇತ ಒಪ್ಪಿಸಿಬಿಟ್ಟಿದ್ದ. ಅವಳು ಕೈ ತೊಳೆದು ಬರುವಷ್ಟರಲ್ಲಿ ಸೋದರತ್ತೆಯ ಮಗ ಸ್ಕೂಟರ್ ರಿಪೇರಿಯ ಕಥೆ ಹಿಡಿದು ಬಾಗಿಲಲ್ಲಿ ಕಾದಿದ್ದ. ಚಿಕ್ಕಮ್ಮ, "ಇಷ್ಟು ದುಡಿದೂ ನನ್ನ ರವಿಕೆಗೆ ಗುಂಡಿ ಹಾಕಿದ್ದಕ್ಕೆ ಮಜೂರಿ ಕಿತ್ಕೊಂಡ್ಯಲ್ಲೇ!" ಎಂದು ಮುಖ ಊದಿಸಿದ್ದಳು. ಇನ್ನು ಮುಂದೆ ತನ್ನ ಗಳಿಕೆ ತನಗೆ ಮತ್ತು ಸರ್ಕಾರಕ್ಕೆ, ಇಬ್ಬರಿಗೇ ಗೊತ್ತಿರಬೇಕು ಎಂದು ಸೂಜಿ ಅವತ್ತೇ ತೀರ್ಮಾನಿಸಿದ್ದಳು.

ಸೂಜಿ ಅನ್ನುವ ಅಡ್ಡಹೆಸರು ಅವಳಿಗೆ ಬಂದದ್ದು ಹೊಲಿಗೆ ಕಸುಬಿನಿಂದಲೋ ನಾಲಿಗೆಯಿಂದಲೋ, ಇಟ್ಟವರಿಗೂ ಈಗ ನೆನಪಿಲ್ಲ. ಆದರೆ ಭಾವನೆದುರು ಆ ನಾಲಿಗೆ ಮೊಂಡು. "ಈ ಸಲ ನಾನೇ ತುಂಬ್ತೀನಿ ಭಾವ, ನಿಮಗ್ಯಾಕೆ ತೊಂದ್ರೆ" ಎಂದು ಫೋನಿನಲ್ಲಿ ಹೇಳುವುದಕ್ಕೇ ಎರಡು ಲೋಟ ನೀರು ಕುಡಿದಿದ್ದಳು.

"ತುಂಬು, ತುಂಬು" ಎಂದು ಭಾವ ನಕ್ಕಿದ್ದ. "ಕೊನೇ ದಿನ ಸಂಜೆ ಬಾಗಿಲು ತೆಗೆದೇ ಇಟ್ಟಿರ್ತೀನಿ, ಬಾ."

ಈಗ ಆ ಕೊನೆಯ ದಿನವೇ ಬಂದಿತ್ತು. ಮಧ್ಯಾಹ್ನ ಸೂಜಿ ಅಂಗಡಿಗೆ ಬೀಗ ಹಾಕಿ, ಬಿಲ್ಲಿನ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಲೈಬ್ರರಿಯ ಮೆಟ್ಟಿಲು ಹತ್ತಿದಳು. ಪತ್ರಿಕೆ ಓದುವ ಕೋಣೆಯ ಮೂಲೆಯಲ್ಲಿ ಎರಡು ಕಂಪ್ಯೂಟರ್, ಮೇಲೆ "ರಿಟರ್ನ್ ಸಲ್ಲಿಸಲು ಉಚಿತ ನೆರವು" ಎಂಬ ಹಾಳೆ. ಅಲ್ಲಿ ಕೂತಿದ್ದವರು ನಿವೃತ್ತ ಅಂಚೆ ಮಾಸ್ತರರು.

"ಇಲ್ಲಿ ಪುಕ್ಕಟೆ ಅಂದ್ರೆ ಏನೇನು ಕೊಡಬೇಕು?" ಸೂಜಿ ನಿಂತೇ ಕೇಳಿದಳು.

"ಏನೂ ಕೊಡಬೇಡಿ. ಪೆನ್ ತಗೊಂಡ್ರೆ ವಾಪಸ್ ಕೊಡಿ, ಸಾಕು."

"ನನ್ನ ಲೆಕ್ಕ ನೀವು ನೋಡ್ತೀರಾ?"

"ನೀವು ತೋರಿಸಿದ್ರೆ ನೋಡ್ತೀನಿ. ಮೂವತ್ತೆರಡು ವರ್ಷ ಅಂಚೆ ಕಚೇರೀಲಿದ್ದೆ ತಾಯಿ. ಕಾರ್ಡು ಅಂಗಾತ ಬಿದ್ದಿರ್ತಿತ್ತು, ಅದನ್ನೂ ಓದಿಲ್ಲ."

ಸೂಜಿ ಕುರ್ಚಿ ಎಳೆದು ಕೂತಳು. ಮಾಸ್ತರರು ತಮ್ಮ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಪರದೆ ನೋಡದೆಯೇ ದಾರಿ ಹೇಳುತ್ತಾ ಹೋದರು. ಹೆಸರು, ವಿಳಾಸ, ಕಸುಬು. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ವರ್ಷದ ಆದಾಯ ಬರೆದು ಮುಂದಿನ ಪುಟಕ್ಕೆ ಹೋಗುತ್ತಲೇ ಕೆಂಪು ಸಾಲೊಂದು ಎದ್ದು ನಿಂತಿತು. ಅವಳು ಗಟ್ಟಿಯಾಗಿ ಓದಿದಳು: ನಿಮ್ಮ ಆದಾಯ ಈ ಉಚಿತ ನೆರವು ಕೇಂದ್ರದ ಮಿತಿಯನ್ನು ಮೀರಿದೆ.

"ಹಾಗಾದ್ರೆ ದುಡ್ಡು ತಗೊಳ್ಳೋ ಲೆಕ್ಕಿಗರ ಹತ್ರ ಹೋಗಬೇಕಾಗುತ್ತೆ" ಎಂದರು ಮಾಸ್ತರರು. "ಕೊನೇ ದಿನ ಬೇರೆ. ಬಾಗಿಲಲ್ಲೇ ಕೈ ಮುಗಿದು ಕಳಿಸ್ತಾರೆ."

ಉಳಿದದ್ದು ಭಾವನ ತೆರೆದ ಬಾಗಿಲು. ಸೂಜಿಯ ಮುಖ ನೀರಿಗೆ ಹಾಕಿದ ಹತ್ತಿಬಟ್ಟೆಯ ಹಾಗೆ ಕುಗ್ಗಿತು. ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಾ, "ಒಂಚೂರಿಗೆ ತಪ್ಪಿಹೋಯ್ತು. ಅಷ್ಟು ಬಿಡದೇ ಇದ್ದಿದ್ರೆ..." ಎಂದು ಗೊಣಗಿದಳು.

ಮಾಸ್ತರರು ಕಿಟಕಿಯಿಂದ ತಿರುಗಿದರು. "ಏನು ಬಿಟ್ರಿ?"

"ಹೊಲಿಗೆಗೆ ಬಿಡಲ್ವಾ, ಹಾಗೆ. ಮೂವತ್ತು ಅಂಗುಲ ಸೊಂಟ ಅಂದ್ರೆ ಮೂವತ್ತೇ ಕತ್ತರಿಸ್ತಾರಾ? ಬಟ್ಟೆ ಹೆಚ್ಚಿದ್ರೆ ಒಳಗೆ ಮಡಚಬಹುದು, ಕಡಿಮೆಯಾದ್ರೆ ಎಲ್ಲಿಂದ ತರೋದು? ಅದಕ್ಕೇ ಬಿಲ್ಲಿಗೊಂದಿಷ್ಟು, ತಿಂಗಳ ಮೊತ್ತಕ್ಕೊಂದಿಷ್ಟು, ವರ್ಷಕ್ಕೆ ಮೇಲೊಂದಿಷ್ಟು ಸೇರಿಸಿ ಬರೆದಿದ್ದೀನಿ. ಕಡಿಮೆ ತೋರಿಸಿದ್ರೆ ತಾನೇ ಹಿಡಿಯೋದು?"

ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರು. "ಎಷ್ಟು ವರ್ಷದಿಂದ ಹೀಗೆ?"

"ಭಾವ ಕೇಳಿದಾಗೆಲ್ಲ ಹೆಚ್ಚು ಬಿಟ್ಟೇ ಹೇಳ್ತಿದ್ದೆ."

"ಅವರು ಬಿಲ್ ಪುಸ್ತಕ ನೋಡ್ಲಿಲ್ವಾ?"

"ಪುಸ್ತಕ ಯಾಕೆ ನೋಡ್ತಾರೆ? ಅವರಿಗೆ ಬೇಕಾಗಿದ್ದು ಮೊತ್ತ."

"ತಾಯಿ, ಸರ್ಕಾರ ಈ ಅಂಗೀನ ತೊಡೋದಿಲ್ಲ. ಬಂದಿದ್ದು ಎಷ್ಟೋ ಅಷ್ಟೇ ಬರೀರಿ. ಒಂದು ಕಾಸು ಕಡಿಮೆ ಬೇಡ, ಒಂದು ಕಾಸು ಹೆಚ್ಚೂ ಬೇಡ. ಮೊದಲಿಂದ ಕೂಡಿ. ಐದಕ್ಕೆ ಬಾಗಿಲು ಹಾಕ್ತಾರೆ."

ಹೆಚ್ಚು ಬಿಟ್ಟು ಹೊಲಿದದ್ದನ್ನು ಬಿಚ್ಚುವುದು ಸೂಜಿಗೆ ಹೊಸದೇನಲ್ಲ. ಒಂದೊಂದೇ ಬಿಲ್ ತಿರುವಿ, ನಿಜವಾಗಿ ಕೈಗೆ ಬಂದದ್ದನ್ನಷ್ಟೇ ಕೂಡಿದಳು. ಎರಡು ಕಡೆ ಕೈ ತಾನಾಗಿಯೇ ಮೇಲೊಂದಿಷ್ಟು ಸೇರಿಸಲು ಹೋಯಿತು, ತಡೆದಳು. ಮಾಸ್ತರರು ಒಮ್ಮೆ ನೀರು ತಂದಿಟ್ಟರು, ಅಂಕಿಗಳ ಮೇಲೆ ಕಣ್ಣು ಹಾಯಿಸದೆ.

ಐದಕ್ಕೆ ಇಪ್ಪತ್ತು ನಿಮಿಷವಿದ್ದಾಗ ಹೊಸ ಮೊತ್ತ ಬರೆದು ಒತ್ತಿದಳು. ಪರದೆಯ ಮೇಲಿನ ಚಕ್ರ ತಿರುಗುತ್ತಾ ತಿರುಗುತ್ತಾ ನಿಂತಿತು. ಕೆಂಪು ಸಾಲು ಇರಲಿಲ್ಲ. ಕಟ್ಟಬೇಕಾದ ತೆರಿಗೆಯೂ ಹಿಂದಿನ ವರ್ಷಕ್ಕಿಂತ ಕಡಿಮೆಯಿತ್ತು. ಅಲ್ಲೇ ಫೋನಿನಲ್ಲಿ ಅದನ್ನೂ ಕಟ್ಟಿ ಸಲ್ಲಿಸಿದಳು.

"ಹಳೇ ವರ್ಷದ್ದೂ ತಿದ್ದೋಕೆ ಆಗುತ್ತೇನೋ ನೋಡೋಣ, ಮುಂದಿನ ವಾರ ಬನ್ನಿ" ಎಂದರು ಮಾಸ್ತರರು.

ರಸ್ತೆಗಿಳಿಯುವಷ್ಟರಲ್ಲಿ ಭಾವನ ಫೋನ್. "ಏನಮ್ಮಾ, ಎಲ್ಲಿದ್ದೀಯ? ಬರ್ತೀಯಾ?"

"ಆಯ್ತು ಭಾವ. ಸಲ್ಲಿಸಿದೆ."

"ಹೌದಾ? ಎಷ್ಟು ತೋರಿಸಿದೆ?"

ಈ ಸಲ ನೀರು ಬೇಕಾಗಲಿಲ್ಲ. "ಬಂದಿದ್ದಷ್ಟೂ ತೋರಿಸಿದೆ."

"ಅದೇ, ಎಷ್ಟು ಬಂತು?"

"ತೋರಿಸಿದಷ್ಟೇ ಬಂತು ಭಾವ."

ಭಾವ ಫೋನನ್ನು ಅಕ್ಕನ ಕೈಗೆ ಕೊಟ್ಟ. ಮನೆಯಲ್ಲಿ ಪಾಠ ಹೇಳಿ ನಾಲ್ಕು ಕಾಸು ಕಾಣುವ ಅಕ್ಕ ಅಡುಗೆಮನೆಗೆ ನಡೆದು, ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಪಿಸುಗುಟ್ಟಿದಳು: "ಲೇ, ಎಲ್ಲಿ ಮಾಡಿಸ್ದೆ? ಮುಂದಿನ ವರ್ಷ ನನ್ನೂ ಕರ್ಕೊಂಡು ಹೋಗೇ."