ಗುರುವಾರ ಮಧ್ಯಾಹ್ನದ ಬೀಗ

ಶವಪೆಟ್ಟಿಗೆಯ ಮೇಲೆ ಬಗ್ಗಿ, ಎಡಗೈಯಿಂದ ಅಕ್ಕನ ತಲೆಯನ್ನು ಎತ್ತಿ ಹಿಡಿದು, ಬಲಗೈಯಿಂದ ಆ ದಿಂಬನ್ನು ಹೊರಗೆಳೆದಳು ತಂಗಿ. ಹೊಚ್ಚ ಹೊಸ ದಿಂಬು. ಅಂಚಿನುದ್ದಕ್ಕೂ ಒತ್ತಾದ ಕೈಹೊಲಿಗೆ. ಬೆಳಗ್ಗೆ ಅವಳೇ ಮುಂದೆ ನಿಂತು ಇಡಿಸಿದ್ದು ಮನೆಯ ಹಳೆಯ ದಿಂಬನ್ನು. ತಾನು ಮೈತೊಳೆದು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಅದು ಕುರ್ಚಿಯ ಮೇಲೆ ಹೋಗಿ, ಇದು ಬಂದು ಅಕ್ಕನ ತಲೆಯಡಿಗೆ ಸೇರಿತ್ತು.

"ಯಾರು ಇಟ್ಟಿದ್ದು ಇದನ್ನ?"

ಕೋಣೆಯಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

"ಯಾರೋ ವಯಸ್ಸಾದವರು ಬಂದಿದ್ರಮ್ಮ," ಎಂದಳು ಪಕ್ಕದ ಮನೆಯವಳು. "ನಮ್ಮ ಚರ್ಚ್ ಸಭೆಯವರಲ್ಲ. ನಾವು ಯಾರು ಏನು ಅಂತ ಕೇಳೋದ್ರೊಳಗೆ ದಿಂಬು ಬದಲಾಯಿಸಿ ಆಚೆ ಹೋಗೇಬಿಟ್ರು. ಅಷ್ಟು ಮೆತ್ತಗೆ ತಲೆ ಎತ್ತಿದ್ರು, ಬೇಡ ಅನ್ನೋಕೆ ಬಾಯೇ ಬರಲಿಲ್ಲ."

ಮೂಲೆಯಲ್ಲಿ ಕುಳಿತಿದ್ದ ಅಧ್ಯಕ್ಷೆ ಎದ್ದಳು. ಚರ್ಚಿನ ಸ್ತ್ರೀಯರ ಸಂಘಕ್ಕೆ ಅಧ್ಯಕ್ಷೆ. ಸಭೆಯಲ್ಲಿ ಯಾರ ಮನೆಯ ಹಾಲು ಯಾವಾಗ ಉಕ್ಕಿತು ಎಂಬುದನ್ನೂ ಬಲ್ಲವಳು. ತಂಗಿಯ ಮೊಣಕೈ ಹಿಡಿದು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ಇವತ್ತು ಹೇಳೋ ಮಾತಲ್ಲ ಇದು. ಆದ್ರೆ ಮಣ್ಣು ಹಾಕಿದ ಮೇಲೆ ಹೇಳಿ ಏನು ಪ್ರಯೋಜನ? ಆ ದಿಂಬು ಬಟ್ಟೆ ಬೀದಿಯ ಹಾಸಿಗೆ ಅಂಗಡಿಯವನದು. ಹೆಂಡತಿ ಸತ್ತವನು. ನಿನ್ನಕ್ಕ ಗುರುವಾರ ಗುರುವಾರ ಮಧ್ಯಾಹ್ನ ಅಲ್ಲಿಗೆ ಹೋಗ್ತಿದ್ದಳು."

"ಯಾರು ಹೇಳಿದ್ದು?"

"ಹೇಳೋದೇನು, ಈ ಕಣ್ಣಲ್ಲೇ ನೋಡಿದೀನಿ. ಅವಳು ಒಳಗೆ ಹೋದಳು. ಅವನು ಈಚೆ ಬಂದು ಮುಂಬಾಗಿಲಿಗೆ ಬೀಗ ಹಾಕ್ದ. ಆಮೇಲೆ ಓಣಿ ಸುತ್ತಿಕೊಂಡು ಹಿಂದಿನ ಬಾಗಿಲಿಂದ ಒಳಗೆ ಹೋದ. ಹಾಡುಹಗಲು!" ಅಧ್ಯಕ್ಷೆ ದನಿ ಇನ್ನೂ ಇಳಿಸಿದಳು. "ಪಾಸ್ಟರ ಕಿವಿಗೂ ಹಾಕಿದೀನಿ. ನಿಷ್ಕಳಂಕ ಸೇವೆ, ಅದೂ ಇದೂ ಅಂತ ಚರ್ಚಲ್ಲಿ ಪ್ರಸಂಗ ಮಾಡುವಾಗ ಜಾಸ್ತಿ ಎಳೀಬೇಡಿ ಅಂದೆ. ಸತ್ತವಳ ಮರ್ಯಾದೆ ಉಳೀಲಿ ಅಂತಾನೇ ಕಣಮ್ಮ ನಾನು ಹೇಳ್ತಿರೋದು."

ತಂಗಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೇಳಿದ ಮಾತು ಅವಳಿಗೆ ಹೊಸದೆನಿಸಲೇ ಇಲ್ಲ. ಎದೆಗೆ ಚುಚ್ಚಿದ್ದು ಅದೇ.

*

ಮದುವೆ ಮುರಿದುಕೊಂಡು, ಒಂದು ಟ್ರಂಕು ಹಿಡಿದು ತಂಗಿ ಈ ಮನೆಗೆ ಬಂದಾಗ ಅಕ್ಕ ಆಸ್ಪತ್ರೆಯ ಆಯಾ ಕೆಲಸದಿಂದ ನಿವೃತ್ತಳಾಗಿದ್ದಳು. ನಿವೃತ್ತಿ ಎನ್ನುವುದು ಹೆಸರಿಗೆ ಮಾತ್ರ. ಸಭೆಯಲ್ಲಿ ಹಾಸಿಗೆ ಹಿಡಿದವರ ಮೈ ಒರೆಸುವುದು, ಮಗ್ಗುಲು ಹೊರಳಿಸುವುದು, ಉಗುರು ಕತ್ತರಿಸುವುದು, ಹುಣ್ಣಿಗೆ ಔಷಧ ಹಚ್ಚುವುದು, ಕೊನೆಗೆ ಪಕ್ಕದಲ್ಲಿ ಕುಳಿತು ಸಣ್ಣದೊಂದು ಪ್ರಾರ್ಥನೆ. ಮೊದಲು ಸಂಘದ ಹೆಂಗಸರೆಲ್ಲ ಸರದಿಯಂತೆ ಹೋಗುತ್ತಿದ್ದರು. ಒಬ್ಬಳಿಗೆ ಸೊಂಟನೋವು ಬಂತು, ಒಬ್ಬಳಿಗೆ ಮೊಮ್ಮಗು ಬಂತು, ಒಬ್ಬಳಿಗೆ ವಾಸನೆ ತಡೆಯಲಾಗಲಿಲ್ಲ. ಸೊಂಟನೋವು ಬಂದವಳು ಅಧ್ಯಕ್ಷೆಯಾದಳು. ಅಕ್ಕ ಒಬ್ಬಳೇ ಉಳಿದಳು. ಲಕ್ವ ಹೊಡೆದು ಮಲಗಿದ್ದ ಹಾಡಿನಮ್ಮನ ಮನೆಗಂತೂ ದಿನವೂ ಹೋಗುತ್ತಿದ್ದಳು.

ತಂಗಿಗೆ ಅನುಮಾನ ಹುಟ್ಟಿದ್ದು ಹತ್ತಿಯಿಂದ. ಗುರುವಾರ ಸಂಜೆ ಅಕ್ಕ ಮನೆಗೆ ಬಂದರೆ ಕೂದಲಲ್ಲಿ, ಕಿವಿಯ ಹಿಂದೆ, ತೋಳಿನ ಮೇಲೆ ಹತ್ತಿಯ ಸಣ್ಣ ಎಳೆಗಳು. ಹುಣ್ಣು ಒರೆಸುವ ಹತ್ತಿ ಇರಬಹುದೆಂದು ಮೊದಮೊದಲು ಸುಮ್ಮನಾದಳು. ಆದರೆ ಬೇರೆ ದಿನ ಇಲ್ಲದ ಹತ್ತಿ ಗುರುವಾರವೇ ಯಾಕೆ? ಅಕ್ಕನ ಮುಖವೂ ಆ ಸಂಜೆ ಬೇರೆ ಇರುತ್ತಿತ್ತು. ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿ, ಕೆನ್ನೆಗೆ ಒಂದಿಷ್ಟು ರಂಗು ಬಂದು, ಹರೆಯದ ಹುಡುಗಿಯೊಬ್ಬಳು ಕದ್ದು ಸಿನಿಮಾ ನೋಡಿ ಬಂದಂತೆ.

"ಎಲ್ಲಿಗೆ ಹೋಗಿದ್ದೆ?"

"ಸ್ವಲ್ಪ ಕೆಲಸ ಇತ್ತು."

"ಹಾಡಿನಮ್ಮನ ಮನೇಲಿ ನೀನಿರಲಿಲ್ಲವಂತೆ."

"ಮನೇಲಿ ಇದ್ರೂ ತಪ್ಪು, ಇಲ್ಲದಿದ್ರೂ ತಪ್ಪಾ?" ಎಂದು ನಕ್ಕು ಅಕ್ಕ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಇನ್ನೊಂದು ವಿಷಯವನ್ನೂ ತಂಗಿ ಗಮನಿಸಿದ್ದಳು. ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಹಾಡುವಾಗ ಅಕ್ಕ ಪುಸ್ತಕ ತೆರೆದು ಹಿಡಿಯುತ್ತಿದ್ದಳು, ತುಟಿ ಮಾತ್ರ ಅಲುಗುತ್ತಿರಲಿಲ್ಲ. ಒಳಗೆ ಏನನ್ನೋ ಮುಚ್ಚಿಟ್ಟುಕೊಂಡವಳು ದೇವರೆದುರು ಬಾಯಿ ಬಿಡಲಾರದೆ ನಿಂತ ಹಾಗೆ. ಒಮ್ಮೆ ತಂಗಿ ಹಿಂಬಾಲಿಸಿಯೂ ಹೋದಳು. ಬಟ್ಟೆ ಬೀದಿಯ ತಿರುವಿನ ತನಕ ಹೋಗಿ, ಕಾಲು ಕಿತ್ತಿಡಲಾಗದೆ ನಿಂತು, ಸೊಪ್ಪು ಕೊಂಡು ವಾಪಸು ಬಂದಳು. ಗೊತ್ತಾಗಿಬಿಟ್ಟರೆ ಈ ಮನೆಯಲ್ಲಿ ತಾನು ಯಾವ ಮುಖ ಇಟ್ಟುಕೊಂಡು ಇರುವುದು ಎಂಬ ಭಯ.

*

ತಂಗಿ ದಿಂಬು ಹಿಡಿದು ಹಿತ್ತಲಿಗೆ ಬಂದಾಗ ಹಾಸಿಗೆ ಅಂಗಡಿಯವನು ಇನ್ನೂ ನೀರಿನ ತೊಟ್ಟಿಯ ಪಕ್ಕ ನಿಂತಿದ್ದ. ತೆಳ್ಳಗಿನ, ಬಾಗಿದ ಮನುಷ್ಯ. ಹುಬ್ಬಿನ ಮೇಲೂ ಹತ್ತಿ. ಅವಳ ಕೈಯಲ್ಲಿದ್ದ ದಿಂಬನ್ನು ನೋಡಿ ಅವನ ಮುಖ ಸಣ್ಣಗಾಯಿತು.

"ಬೇಡ್ವಾಮ್ಮ? ಬೇಡ ಅಂದ್ರೆ ತಗೊಂಡು ಹೋಗ್ತೀನಿ."

"ಗುರುವಾರ ನಮ್ಮಕ್ಕ ನಿಮ್ಮ ಅಂಗಡಿಗೆ ಬರ್ತಿದ್ದಳಾ?"

"ಬರ್ತಿದ್ರು."

"ಯಾಕೆ?"

ಅವನು ಮನೆಯ ಕಡೆ ಒಮ್ಮೆ ನೋಡಿದ. "ಯಾರಿಗೂ ಹೇಳ್ಬೇಡಿ ಅಂದಿದ್ರು."

"ಹೇಳಬೇಡಿ ಅಂದವಳು ಒಳಗೆ ಪೆಟ್ಟಿಗೇಲಿ ಮಲಗಿದಾಳೆ. ನಾನು ಬದುಕಿದೀನಿ. ನನಗೆ ಹೇಳಿ."

"ನಿದ್ದೆ ಮಾಡೋಕಮ್ಮ."

"ನನ್ನ ಕಿವಿ ಮೇಲೆ ಹೂವಿಡಬೇಡಿ. ನಿದ್ದೆಗೆ ಮನೇಲಿ ಹಾಸಿಗೆ ಇರಲಿಲ್ವಾ?"

"ಹಾಸಿಗೆ ಇತ್ತಂತೆ. ಬಾಗಿಲೂ ಇತ್ತಂತೆ. ಬಾಗಿಲು ಬಡಿಯೋರು ಜಾಸ್ತಿಯಂತೆ." ಹೆಗಲ ಮೇಲಿನ ಬಟ್ಟೆಯಿಂದ ಅವನು ಬಾಯಿ ಒರೆಸಿಕೊಂಡ. "ಮೊದಲ ಸಲ ಬಂದಿದ್ದು ಯಾರೋ ಕಾಯಿಲೆಯವರಿಗೆ ತೆಳು ಹಾಸಿಗೆ ಬೇಕು ಅಂತ. ಮೆತ್ತಗಿದೆಯಾ ನೋಡ್ತೀನಿ ಅಂತ ಕೂತ್ಕೊಂಡ್ರು. ನಾನು ಅಳತೆ ಪಟ್ಟಿ ಹುಡುಕಿ ಬರೋದ್ರೊಳಗೆ ಹಾಗೇ ಒರಗಿ ನಿದ್ದೆ ಹೋಗಿದ್ರು. ಎಚ್ಚರ ಆದಾಗ ಯಾರಾದ್ರೂ ಕಳ್ಳತನ ಮಾಡಿ ಸಿಕ್ಕಿಬಿದ್ರೆ ಹೇಗೆ ಹೆದರ್ತಾರೋ ಹಾಗೆ ಹೆದರಿಬಿಟ್ರು. ನಾನೇ ಅಂದೆ, ಅಕ್ಕಾ, ಗುರುವಾರ ವ್ಯಾಪಾರ ಕಮ್ಮಿ, ಬನ್ನಿ ಅಂತ."

"ಬೀಗ ಯಾಕೆ ಹಾಕ್ತಿದ್ರಿ?"

"ಒಂದು ಸಲ ನಿಮ್ಮ ಸಭೆಯವರು ಯಾರೋ ಅವರನ್ನ ಹುಡುಕಿಕೊಂಡು ಬೀದಿಗೇ ಬಂದಿದ್ರು. ಬೀಗ ಕಂಡ್ರೆ ಯಾರೂ ಬಡಿಯಲ್ಲ ನೋಡಿ."

ಮಾತೆಲ್ಲ ನುಣ್ಣಗಿತ್ತು. ಅಷ್ಟು ನುಣ್ಣಗಿದ್ದದ್ದೇ ತಂಗಿಗೆ ಹಿಡಿಸಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿರಬಹುದು ಎನಿಸಿತು. ಅಂಗಡಿಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲವೇ ಎಂದು ಕೇಳಿದಳು. ಅವನು ಗೇಟಿನ ಬಳಿ ಚಪ್ಪಲಿಗಳ ರಾಶಿಯ ಪಕ್ಕ ನಿಂತಿದ್ದ ದಪ್ಪ ಕನ್ನಡಕದ ಹೆಂಗಸನ್ನು ತೋರಿಸಿದ. "ನಮ್ಮ ಅಂಗಡೀಲಿ ಗವಸು ಹೊಲಿಯೋರು. ದಿಂಬು ಹೊಲಿದಿದ್ದೂ ಅವರೇ."

"ನೀವು ಇಲ್ಲೇ ಇರಿ," ಎಂದಳು ತಂಗಿ. ಇಬ್ಬರೂ ಕಣ್ಣಲ್ಲೇ ಮಾತಾಡಿಕೊಳ್ಳದಂತೆ ಅವನಿಗೆ ಅಡ್ಡವಾಗಿ ನಡೆದು ಗೇಟಿಗೆ ಹೋದಳು.

"ಗುರುವಾರ ಮಧ್ಯಾಹ್ನ ನೀವು ಅಂಗಡೀಲಿ ಇರ್ತೀರಾ?"

"ಇರ್ದೆ ಎಲ್ಲಿ ಹೋಗ್ಲಿ? ಹೊಟ್ಟೆಪಾಡು."

"ನಮ್ಮಕ್ಕ ಬಂದಾಗ ಏನ್ ಮಾಡ್ತಿದ್ದಳು?"

ಹೊಲಿಗೆಯವಳು ತಡವರಿಸಿದಳು. ಸತ್ತ ಮನೆಯಲ್ಲಿ ಹೇಳಬಹುದಾದ ಮಾತೋ ಅಲ್ಲವೋ ಎಂದು ಯೋಚಿಸುವಂತೆ ಸುತ್ತ ನೋಡಿ, "ಗೊರಕೆ ಹೊಡೀತಿದ್ರು," ಎಂದಳು. "ಬೇಜಾರು ಮಾಡ್ಕೋಬೇಡಿ. ಮಿಷನ್ ನಿಲ್ಲಿಸಿ ನಾನು ಕೈಹೊಲಿಗೆ ಹಿಡ್ಕೊಂಡು ಕೂರ್ತಿದ್ದೆ, ಸದ್ದಾಗ್ಬಾರ್ದು ಅಂತ. ಸದ್ದೆಲ್ಲಾ ಅವರದ್ದೇ. ಗುರ್ರ್ ಅಂತ ಏರಿ ಏರಿ, ಕೊನೇಲಿ ಒಂದು ಸಣ್ಣ ಸೀಟಿ. ಪ್ರೆಶರ್ ಕುಕ್ಕರ್ ಥರ."

ಆ ಸೀಟಿ ತಂಗಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕಂದಿನಲ್ಲಿ ಒಂದೇ ಹೊದಿಕೆಯಡಿ ಮಲಗುತ್ತಿದ್ದಾಗ ಆ ಸೀಟಿ ಬರುವ ತನಕ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಬಂದೊಡನೆ ಕಿಸಕ್ಕನೆ ನಗುತ್ತಿದ್ದಳು. ಈ ಮನೆಗೆ ಬಂದ ಮೇಲೆ ಒಂದು ದಿನವೂ ಅದನ್ನು ಕೇಳಿಲ್ಲ ಎಂಬುದು ಈಗ ಹೊಳೆಯಿತು. ಗೊರಕೆ ಸೀಟಿಯ ತನಕ ಏರುವಷ್ಟು ನಿದ್ದೆ ಅಕ್ಕನಿಗೆ ಇಲ್ಲಿ ಸಿಕ್ಕಿರಲೇ ಇಲ್ಲ.

*

ಒಂದು ಮಧ್ಯಾಹ್ನ ಅಕ್ಕ ಊಟದ ತಟ್ಟೆಯ ಮುಂದೆಯೇ ಕಣ್ಣು ಮುಚ್ಚಿ ಕುಳಿತಿದ್ದಳು.

"ನನಗೆ ಸಾಕಾಗಿದೆ ಕಣೇ," ಎಂದಳು, ಕಣ್ಣು ತೆರೆಯದೆ.

"ಸಾಕಾಗಿದ್ರೆ ಬಿಡು. ಯಾರು ನಿನ್ನ ಕೈ ಹಿಡಿದು ಎಳೀತಿದಾರೆ? ದೇವರು ನಿನ್ನೊಬ್ಬಳಿಗೇ ಗುತ್ತಿಗೆ ಕೊಟ್ಟಿದಾನಾ?"

ಅಕ್ಕ ಎದ್ದು ಹೋಗಿ ಮಲಗಿದಳು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಯಾರದೋ ಮನೆಯ ಮುದುಕ ಮಂಚದಿಂದ ಬಿದ್ದಿದ್ದಾನಂತೆ. ಮಲಗಿದ್ದಾಳೆ, ಆಮೇಲೆ ಬನ್ನಿ ಎನ್ನಬಹುದಿತ್ತು. ತಂಗಿ ಒಳಗೆ ಹೋಗಿ ಅಕ್ಕನ ಭುಜ ಅಲ್ಲಾಡಿಸಿದಳು. "ಏಳು, ನಿನ್ನ ಭಕ್ತರು ಬಂದಿದಾರೆ." ಅಕ್ಕ ಎದ್ದಳು, ಎದ್ದು, ಎತ್ತ ಹೋಗಬೇಕೆಂದು ತಿಳಿಯದವಳಂತೆ ಒಂದು ಗಳಿಗೆ ಗೋಡೆಯತ್ತ ಮುಖ ಮಾಡಿ ನಿಂತಳು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟಳು.

ನಿನ್ನೆ ಬೆಳಗ್ಗೆ ಸತ್ತದ್ದೂ ಹಾಗೆಯೇ, ಹಾಡಿನಮ್ಮನ ಮನೆಗೆ ಹೊರಟು ಚಪ್ಪಲಿಗೆ ಕಾಲು ತೂರಿಸುತ್ತಾ ಗೋಡೆಗೆ ಒರಗಿದವಳು ಮತ್ತೆ ನೆಟ್ಟಗಾಗಲಿಲ್ಲ.

*

ತಂಗಿ ತೊಟ್ಟಿಯ ಬಳಿಗೆ ವಾಪಸು ಬಂದಳು. ಕೇಳಬೇಕಾದದ್ದು ಇನ್ನೂ ಒಂದಿತ್ತು.

"ದೇವರ ವಿಷಯ ಏನಾದ್ರೂ ಮಾತಾಡ್ತಿದ್ದಳಾ? ನಂಬಿಕೆ ಹೋಗಿದೆ ಅಂತ... ಅಂಥದ್ದು?"

ಹಾಸಿಗೆಯವನು ತಲೆ ಕೆರೆದುಕೊಂಡ. "ನಿಮ್ಮ ಶಾಸ್ತ್ರ ನನಗೆ ಗೊತ್ತಿಲ್ಲಮ್ಮ. ಒಂದೇ ಒಂದು ಕತೆ ಗೊತ್ತು, ಹೇಳಿದ್ದು ಮರೆತು ಅದನ್ನೇ ಅವರು ಮತ್ತೆ ಮತ್ತೆ ಹೇಳೋರು. ಯಾರೋ ಒಬ್ಬ ಪ್ರವಾದಿ, ಓಡಿ ಓಡಿ ಸುಸ್ತಾಗಿ ಗಿಡದ ಕೆಳಗೆ ಬಿದ್ಕೊಂಡು, ಸಾಕು ದೇವರೇ, ನನ್ನ ಪ್ರಾಣ ತಗೊಂಡುಬಿಡು ಅಂದನಂತೆ. ದೇವರು ಬೈಲಿಲ್ಲವಂತೆ. ನಿದ್ದೆ ಮಾಡಿಸಿ, ರೊಟ್ಟಿ ಕೊಟ್ಟು, ಮತ್ತೆ ನಿದ್ದೆ ಮಾಡಿಸಿದನಂತೆ. 'ಬೈಲಿಲ್ಲ ನೋಡಿ' ಅಂತ ಪ್ರತಿ ಸಲ ಹೇಳೋರು."

"ಮತ್ತೆ?"

"ಒಂದು ದಿನ ಎದ್ದು ಕೂತು, 'ಪ್ರಾರ್ಥನೇನೇ ಬರ್ತಿಲ್ಲ, ದೇವರ ಹೆಸರು ಹೇಳೋದ್ರೊಳಗೆ ನಿದ್ದೆ ಬಂದುಬಿಡುತ್ತೆ. ಹಾಡೋಕೆ ಹೋದ್ರೆ ಅಳು ಬರುತ್ತೆ, ಅದಕ್ಕೇ ಬಾಯಿ ಮುಚ್ಕೊಂಡು ನಿಲ್ತೀನಿ' ಅಂದ್ರು. ಹಾಗಾದ್ರೆ ಇವತ್ತು ಹೋಗಬೇಡಿ, ಇನ್ನೂ ಸ್ವಲ್ಪ ಮಲಗಿ ಅಂದೆ. 'ಬಾಯಿಗೆ ಬರದಿದ್ರೆ ಬಿಡಿ, ಕೈಗಿನ್ನೂ ಬರುತ್ತಲ್ಲ' ಅಂತ ಮುಖ ತೊಳ್ಕೊಂಡು ಹೊರಟುಹೋದ್ರು."

ತಂಗಿ ಒಳಗೆ ಹೋದಳು. ಎಲ್ಲರೂ ನೋಡುತ್ತಿದ್ದಂತೆ ಅಕ್ಕನ ತಲೆಯನ್ನೆತ್ತಿ ಹೊಸ ದಿಂಬನ್ನು ಇಟ್ಟು, ಕುತ್ತಿಗೆಗೆ ಸರಿಯಾಗಿ ಕೂರುವಂತೆ ಒತ್ತಿದಳು. ಅಧ್ಯಕ್ಷೆಯ ಹುಬ್ಬು ಮೇಲೇರಿತು.

ಚರ್ಚಿನಲ್ಲಿ ಪಾಸ್ಟರು ಪ್ರಸಂಗವನ್ನು ಬೇಗಬೇಗನೆ ಮುಗಿಸುವಂತೆ ಕಂಡಿತು. ಜನನ, ಆಸ್ಪತ್ರೆಯ ಕೆಲಸ, ಸಭೆಯ ಸದಸ್ಯತ್ವ. "ನಮ್ಮ ಸಹೋದರಿಯ ಸೇವೆಯನ್ನು... ಬಲ್ಲವನು ದೇವರು," ಎಂದು ನಡುವೆ ಒಂದು ಹಳ್ಳ ಬಿಟ್ಟು ದಾಟಿದರು. ಆ ಹಳ್ಳದಲ್ಲಿ ಏನಿದೆಯೆಂದು ಹಿಂದಿನ ಸಾಲುಗಳಲ್ಲಿ ಪಿಸುಮಾತು ಹರಿದಾಡಿತು. ಹಾಸಿಗೆಯವನು ಬಾಗಿಲ ಬಳಿ ನಿಂತಿದ್ದ. ತಲೆಗಳು ಒಂದೊಂದಾಗಿ ಅತ್ತ ತಿರುಗಿದವು.

ತಂಗಿ ಎದ್ದು ನಿಂತಳು. ಸಭೆಯಲ್ಲಿ ಅವಳು ಎಂದೂ ಮಾತಾಡಿದವಳಲ್ಲ.

"ಗುರುವಾರ ಮಧ್ಯಾಹ್ನ ನಮ್ಮಕ್ಕ ಎಲ್ಲಿಗೆ ಹೋಗ್ತಿದ್ದಳು ಅಂತ ಕೆಲವರಿಗೆ ಅನುಮಾನ ಇದೆ. ನನಗೂ ಇತ್ತು. ಹಾಸಿಗೆ ಅಂಗಡೀಲಿ ಮಲಗಿ ನಿದ್ದೆ ಮಾಡ್ತಿದ್ದಳು. ಅಲ್ಲಿ ಹೊಲಿಗೆ ಮಾಡೋರು ಇಲ್ಲೇ ಇದಾರೆ, ಬೇಕಾದ್ರೆ ಕೇಳಿ. ಅವಳಿಗೆ ಸುಸ್ತಾಗಿತ್ತು. ಅಷ್ಟೇ."

ಯಾರೋ ನಕ್ಕರು. ಮುಂದಿನ ಸಾಲಿನಲ್ಲಿ ಒಬ್ಬಳು ಕರವಸ್ತ್ರ ತೆಗೆದಳು. ಪಾಸ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕೀರ್ತನೆ ಎತ್ತಿಕೊಂಡರು.

ಸಮಾಧಿಯ ಬಳಿ ಮಣ್ಣು ಹಾಕಿ ಕೈಕೊಡವಿಕೊಳ್ಳುವಾಗ ಅಧ್ಯಕ್ಷೆಯ ದನಿ ಅವಳ ಬೆನ್ನಿಗೆ ಬಿತ್ತು. "ನಿದ್ದೆಯಂತೆ! ಮೂರು ಹೊತ್ತು ಮನೇಲಿರೋ ಮಂಚ ಬಿಟ್ಟು. ಆ ಹೊಲಿಗೆಯವಳು ಅವನ ಕೈಕೆಳಗೆ ದುಡಿಯೋಳು, ಅವನು ಹೇಳಿಕೊಟ್ಟಿದ್ದೇ ಹೇಳ್ತಾಳೆ. ಈಗ ಇವಳೂ ಅವನ ಕಡೆ ವಕೀಲಿಕೆ."

ಜನ ಚದುರಿದರು. ತಂಗಿ ಮನೆಯ ದಾರಿ ಹಿಡಿಯಲಿಲ್ಲ. ಹಾಡಿನಮ್ಮನ ಸೊಸೆ ಮಣ್ಣಿಗೂ ಬಂದಿರಲಿಲ್ಲ. ನಿನ್ನೆಯಿಂದ ಹಾಡಿನಮ್ಮನನ್ನು ಯಾರು ಹೊರಳಿಸಿದ್ದಾರೆ ಎಂಬುದು ಆಗ ತಲೆಗೆ ಬಂದಿತ್ತು. ಬಟ್ಟೆ ಬೀದಿಯ ತಿರುವಿನಲ್ಲಿ ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು. ಅಧ್ಯಕ್ಷೆ. ಸ್ವಲ್ಪ ದೂರ ಬಿಟ್ಟು, ಅಂಗಡಿಗಳ ಸಾಮಾನು ನೋಡುವ ನೆವ ಮಾಡುತ್ತಾ ಬರುತ್ತಿದ್ದಳು. ಹಾಸಿಗೆ ಅಂಗಡಿಗೆ ಹೋಗುತ್ತಾಳೋ ನೋಡೇಬಿಡೋಣ ಎಂದು. ತಂಗಿ ಅಂಗಡಿಯನ್ನು ದಾಟಿ ಓಣಿಗೆ ತಿರುಗಿದಳು. ಹೆಜ್ಜೆಗಳು ಒಂದಿಷ್ಟು ತಡೆದು, ಮತ್ತೆ ಹಿಂಬಾಲಿಸಿದವು.

ಹಾಡಿನಮ್ಮನ ಕೋಣೆಯಲ್ಲಿ ಮೂಗು ಮುಚ್ಚುವಂಥ ವಾಸನೆ. ಒಂದು ಕಾಲಕ್ಕೆ ಇಡೀ ಸಭೆಯನ್ನು ಹಾಡಿಸಿದ ಹೆಂಗಸು, ಲಕ್ವ ಹೊಡೆದು ಮಾತು ನಿಂತು, ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೊಸೆ ಬಾಗಿಲಲ್ಲೇ ಅತ್ತುಬಿಟ್ಟಳು. "ಒಬ್ಬಳ ಕೈಲಿ ಆಗಲ್ಲ ಚಿಕ್ಕಮ್ಮ. ನಿನ್ನೆಯಿಂದ ಹೀಗೇ ಇದಾರೆ. ಮಗೂಗೆ ಬೇರೆ ಜ್ವರ."

"ನೀನು ನೀರು ಕಾಯಿಸು, ಹೋಗು."

ತಂಗಿ ಹಾಸುಬಟ್ಟೆಯ ಅಂಚು ಹಿಡಿದು ಎಳೆದಳು. ಮೈ ಕದಲಲಿಲ್ಲ. ಅಕ್ಕ ಇದನ್ನು ದಿನವೂ ಒಬ್ಬಳೇ ಹೇಗೆ ಮಾಡುತ್ತಿದ್ದಳೋ! ಇನ್ನೊಮ್ಮೆ ಎಳೆದಳು. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಅಧ್ಯಕ್ಷೆ, ಕೈಚೀಲವನ್ನು ಎದೆಗೆ ಒತ್ತಿಕೊಂಡು.

"ಏನು, ಇಲ್ಲೂ ಬೀಗ ಇದೆಯಾ ನೋಡೋಕೆ ಬಂದ್ರಾ?"

ಅಧ್ಯಕ್ಷೆ ಬಾಯಿ ತೆರೆದು, ವಾಸನೆಗೆ ಮುಚ್ಚಿದಳು. ಹಾಡಿನಮ್ಮ ಗಂಟಲಿನಿಂದ ಒಂದು ಸದ್ದು ಹೊರಡಿಸಿದಳು.

"ನಿಂತು ನೋಡಿದ್ರೆ ಇವರು ಹೊರಳಲ್ಲ. ಆ ತುದಿ ಹಿಡೀರಿ."

"ನನ್ನ ಸೊಂಟ..."

"ಹಿಡೀರಿ."

ಅಧ್ಯಕ್ಷೆ ಕೈಚೀಲವನ್ನು ಎಲ್ಲಿಡುವುದೆಂದು ಅತ್ತಿತ್ತ ನೋಡಿ, ಕೊನೆಗೆ ನೆಲದ ಮೇಲಿಟ್ಟಳು. ಬಳೆಗಳನ್ನು ಮೊಣಕೈವರೆಗೆ ಏರಿಸಿದಳು. ಬಟ್ಟೆಯ ತುದಿಯನ್ನು ಮೊದಲು ಬೆರಳ ತುದಿಯಲ್ಲಿ, ಆಮೇಲೆ ಮುಷ್ಟಿಗೆ ಸುತ್ತಿ ಹಿಡಿದಳು. ಇಬ್ಬರೂ ಒಟ್ಟಿಗೆ ಉಸಿರೆಳೆದರು. ನಡುವೆ ಹಾಸುಬಟ್ಟೆ ಬಿಗಿಯಾಗಿ ನಿಂತಿತು. ಹಾಡಿನಮ್ಮ ನಿಧಾನವಾಗಿ ಗೋಡೆಯ ಕಡೆಯಿಂದ ಕಿಟಕಿಯ ಕಡೆಗೆ ಹೊರಳಿದಳು. ಅವಳ ಕಣ್ಣು ತಂಗಿಯನ್ನು ದಾಟಿ, ಅಧ್ಯಕ್ಷೆಯನ್ನು ದಾಟಿ, ಬಾಗಿಲಲ್ಲಿ ಇನ್ನೊಬ್ಬಳನ್ನು ಹುಡುಕಿತು.