ಹಿಟ್ಟು ಮೆತ್ತಿದ ಕೈ

"ಇದನ್ನು ಬರೆದವನ ಕೈ ಮುರಿಯಬೇಕು!" ಎಂದು ಮೇದಪ್ಪ ಪುಸ್ತಕವನ್ನು ಮೇಜಿಗೆ ಕುಕ್ಕಿದ ರಭಸಕ್ಕೆ ಕಲ್ಲುಗುಂಡಿಯ ವಾಚನಾಲಯದ ಜಗಲಿಯಲ್ಲಿದ್ದ ಉಳಿದ ಮೂವರೂ ಬೆಚ್ಚಿದರು. ಕಾಳುಮೆಣಸಿನ ವ್ಯಾಪಾರಿ ಆದಂ ಕುಂಞಿಯವರು ಮಾತ್ರ ಸ್ವಲ್ಪ ಹೆಚ್ಚೇ ಬೆಚ್ಚಿದರು. ನೂರಾ ಹನ್ನೆರಡನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳಿದ್ದವು.

ಪುಸ್ತಕ ಇಂಗ್ಲೆಂಡಿನ ಹಳೆಯ ರಾಣಿಯ ಕಾಲದ ಪತ್ತೇದಾರಿ ಕಾದಂಬರಿ. ಯಾರೋ ಪುಣ್ಯಾತ್ಮರು ಕನ್ನಡಕ್ಕೆ ತಂದಿದ್ದರು. ದೊಡ್ಡ ಬಂಗಲೆ, ಒಡತಿಯ ಪೆಟ್ಟಿಗೆಯಿಂದ ಮಾಯವಾದ ಮುತ್ತಿನ ಸರ, ಕೀಲಿಕೈ ಇಟ್ಟುಕೊಂಡಿದ್ದ ಕೆಲಸದ ಹುಡುಗಿ. ಒಂದೇ ಪ್ರತಿ ಕೈಯಿಂದ ಕೈಗೆ ದಾಟುತ್ತಿತ್ತು, ಓದಿ ಮುಗಿಸಿದವರು ಕೊನೆ ಹೇಳಕೂಡದು ಎಂಬುದು ಕಟ್ಟುನಿಟ್ಟಿನ ನಿಯಮ. ನಾಲ್ಕು ಭಾನುವಾರಗಳಿಂದ ಇಲ್ಲಿ ಅದರದ್ದೇ ಚರ್ಚೆ. ಎಲ್ಲರಿಗಿಂತ ಕೊನೆಯ ಸರದಿಯ ಮೇದಪ್ಪನದು ಪುಸ್ತಕ ಮುಟ್ಟುವ ಮೊದಲೇ ಒಂದೇ ಹಟ: ಕೀಲಿಕೈ ಇರುವವಳೇ ಕಳ್ಳಿ.

ವಾಚನಾಲಯ ನೋಡಿಕೊಳ್ಳುತ್ತಿದ್ದ ಅಚ್ಚುತ ಮಾಸ್ತರರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಇವಳಲ್ಲ. ಆ ಹೊತ್ತಿಗೆ ಇವಳು ಹಿಟ್ಟು ನಾದುತ್ತಿದ್ದಳು. ಹಿಟ್ಟು ಮೆತ್ತಿದ ಕೈಯಲ್ಲಿ ಪೆಟ್ಟಿಗೆ ತೆರೆದಿದ್ದರೆ ಮುಚ್ಚಳದಲ್ಲಿ ಗುರುತು ಉಳಿಯುತ್ತಿತ್ತು. ಸಮಾಧಾನ ಹೇಳಲು ಬಂದ ವಕೀಲನನ್ನು ನೋಡಿ."

"ನೋಡಿದ್ರಾ? ಇನ್ನು ನಾನು ಓದುದು ಎಂತ, ಮಣ್ಣು!" ಎಂದ ಮೇದಪ್ಪ.

ಮಾಸ್ತರರೊಳಗಿನ ಪತ್ತೇದಾರ ಎದ್ದು ಕುಳಿತ. ಮೇದಪ್ಪನ ಕೈಗೆ ಬರುವ ಮೊದಲು ಪುಸ್ತಕ ಮೂವರ ಮನೆಗೆ ಮಾತ್ರ ಹೋಗಿತ್ತು. ತಾನು ಬರೆದಿಲ್ಲ. ಸಾಹುಕಾರ ಆದಂ ಕುಂಞಿಯವರು ಇಂಥ ಕೆಲಸ ಮಾಡುವವರಲ್ಲ. ಅಲ್ಲದೆ, ಹಿಟ್ಟು ನಾದುವ ಸಂಗತಿ ಯಾರಿಗೆ ಗೊತ್ತಿರುತ್ತದೆ? ಎಲ್ಲರ ಕಣ್ಣೂ ಎದುರಿನ ಹೋಟೆಲಿನ ಕುಕ್ಕಪ್ಪನ ಮೇಲೆ ಬಿತ್ತು. ಅವನ ಮೊಣಕೈಯಲ್ಲಿ ಬೆಳಗಿನ ಮೈದಾ ಇನ್ನೂ ಒಣಗಿಕೊಂಡಿತ್ತು.

"ಕೈಯಲ್ಲಿ ಹಿಟ್ಟು ಉಂಟು ಅಂತ ನಾನೇ ಕಳ್ಳನಾ?" ಎಂದ ಕುಕ್ಕಪ್ಪ. "ದೇವರಾಣೆ ನಾನು ಬರೆಯಲಿಲ್ಲ ಮಾಸ್ಟ್ರೆ. ಮಡಿಕೇರಿ ಬಸ್ಸು ಹೋದ ಮೇಲೆ ಎರಡು ಪುಟ ಓದುದು, ನನಗೆ ಬೇರೆ ಎಂತ ಉಂಟು ಹೇಳಿ?"

"ನಿಯಮ ಅಂದ್ರೆ ನಿಯಮ ಮಾರಾಯ," ಎಂದು ಮಾಸ್ತರರು ಸದಸ್ಯರ ಪುಸ್ತಕ ಬಿಚ್ಚಿದರು. ಪುಸ್ತಕದಲ್ಲಿ ಗೀಚಿದವರ ಹೆಸರು ಹೊಡೆದುಹಾಕುವುದು ನಿಯಮ. ಕುಕ್ಕಪ್ಪ ಹೆಗಲ ಬೈರಾಸು ತೆಗೆದು ಮುಖ ಒರೆಸಿಕೊಂಡು ಮೆಟ್ಟಿಲಿಳಿಯತೊಡಗಿದ.

ಆದಂ ಕುಂಞಿಯವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸಲೀಸು. ಬಾಯಿ ಬಿಟ್ಟರೆ ಮೂರು ವರ್ಷ ಈ ಬೆಂಚಿನಲ್ಲಿ ಸಂಪಾದಿಸಿದ ಮರ್ಯಾದೆ ಇವತ್ತಿಗೇ ಮುಗಿಯುತ್ತದೆ. ಮೇಲಾಗಿ ಮನೆಯಲ್ಲಿ ಸಫಿಯಾ ಇದ್ದಾಳೆ. ಐದನೆಯ ತರಗತಿಗೆ ಶಾಲೆ ಬಿಡಿಸಿ ಒಳಗೆ ಕೂರಿಸಿದ ಮಗಳು, ಅಪ್ಪ ತರುವ ಪುಸ್ತಕಕ್ಕಾಗಿ ವಾರವಿಡೀ ಬಾಗಿಲು ಕಾಯುವವಳು. ಪುಸ್ತಕ ತಪ್ಪಿಸಿದರೆ ಆ ಹುಡುಗಿಗೆ ಉಳಿಯುವುದು ಒಲೆ ಒಂದೇ.

"ಕುಕ್ಕಪ್ಪ, ನಿಲ್ಲು ಮಾರಾಯ," ಎಂದರು. "ಅದು ನಾನು ಬರೆದದ್ದು."

ಮೇದಪ್ಪ ನಕ್ಕುಬಿಟ್ಟ. "ಸಾಹುಕಾರ್ರೆ, ಪಾಪ ಅಂತ ಮೈಮೇಲೆ ಹಾಕಿಕೊಳ್ಳುದು ಬೇಡ. ನೀವೇ ಆದ್ರೆ ಇಲ್ಲಿ ಒಂದು ಸಾಲು ಬರೀರಿ, ನೋಡುವ."

ಕಾಗದ ಬಂತು, ಪೆನ್ಸಿಲೂ ಬಂತು. ಆದಂ ಕುಂಞಿಯವರ ಕೈ ಅಭ್ಯಾಸಬಲದಿಂದ ಕಾಗದದ ಬಲ ಅಂಚಿಗೆ ಹೋಗಿ ನಿಂತಿತು. ಅರಬಿ ಅಕ್ಷರದಲ್ಲಾದರೆ ಅಂಗಡಿಯ ಕಾಗದಪತ್ರವನ್ನೆಲ್ಲ ಬರೆಯುತ್ತಿದ್ದ ಕೈ ಅದು. ಅಲ್ಲಿಂದ ಎಡಕ್ಕೂ ಬರಲಿಲ್ಲ, ಬಲಕ್ಕೂ ಹೋಗಲಿಲ್ಲ. ಪೆನ್ಸಿಲನ್ನು ಕಾಗದದ ಮೇಲೆ ಇಟ್ಟುಬಿಟ್ಟರು.

"ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ ಮಾಸ್ಟ್ರೆ," ಎಂದರು ಕೊನೆಗೆ. "ಬರೀಲಿಕ್ಕೂ ಬರುದಿಲ್ಲ. ಓದುದು ನನ್ನ ಮಗಳು. ಅವಳು ಹೇಳಿದ್ದನ್ನು ನಾನು ಇಲ್ಲಿ ಬಂದು ಹೇಳುದು. ಬರೆದದ್ದೂ ಅವಳೇ. ಕೆಲಸದ ಹುಡುಗಿಯನ್ನು ಇಲ್ಲಿ ಕಳ್ಳಿ ಅಂತ ಹೇಳ್ತಾರೆ ಅಂತ ನಾನು ಹೇಳಿದಾಗ ಅವಳಿಗೆ ತಡೆಯಲಿಲ್ಲ. ದಿನಾ ಹಿಟ್ಟು ನಾದುವವಳಲ್ವಾ."

ಮೇದಪ್ಪ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡ. "ಹಾಗಾದ್ರೆ ನಾಲ್ಕು ವಾರದಿಂದ ನಾನು ವಾದ ಮಾಡಿದ್ದು ಆ ಹುಡುಗಿಯ ಹತ್ತಿರವಾ?" ಎಂದ. ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ಗೊತ್ತಾಗಲಿಲ್ಲ. ಕುಕ್ಕಪ್ಪ ಮೆಟ್ಟಿಲು ಹತ್ತಿ ಬಂದು ಸಾಹುಕಾರರ ಪಕ್ಕದಲ್ಲೇ ಕುಳಿತ.

ಮಾಸ್ತರರು ಆದಂ ಕುಂಞಿಯವರ ಹೆಸರಿನ ಮೇಲೆ ಗೆರೆ ಎಳೆದರು. ಪಕ್ಕದ ಷರಾ ಅಂಕಣದಲ್ಲಿ ಏನನ್ನೋ ನಿಧಾನವಾಗಿ ಬರೆದರು. ಆಮೇಲೆ ತಲೆ ಎತ್ತದೆಯೇ ಕೇಳಿದರು, "ಮಗಳ ಹೆಸರೆಂತ?"

"ಸಫಿಯಾ."

ಮಾಸ್ತರರು ಆ ಹೆಸರನ್ನು ಕೆಳಗಿನ ಖಾಲಿ ಸಾಲಿನಲ್ಲಿ ಬರೆದರು. "ಇದರ ಪಕ್ಕ ಅವಳ ಸಹಿ ಬೇಕು. ಈ ಸದಸ್ಯರ ಪುಸ್ತಕ ಮನೆಗೆ ತಕ್ಕೊಂಡು ಹೋಗಿ, ನಾಳೆ ತಂದುಕೊಡಿ. ಇನ್ನು ಗೀಚಬಾರದು ಅಂತ ಹೇಳಿ."

ದಾರಿಯುದ್ದಕ್ಕೂ ಆ ಷರಾ ಆದಂ ಕುಂಞಿಯವರನ್ನು ಕೊರೆಯಿತು. ಗೆರೆ ಎಳೆದದ್ದಕ್ಕೆ ಬೇಸರವಿರಲಿಲ್ಲ. ಆದರೆ ಪಕ್ಕದಲ್ಲಿ ಬರೆದದ್ದೇನು? ಅಕ್ಷರ ಬಾರದವನು ಎಂದೋ? ಸುಳ್ಳುಗಾರ ಎಂದೋ? ನಾಳೆ ಆ ಪುಸ್ತಕ ತೆರೆಯುವವರೆಲ್ಲ ಅದನ್ನು ಓದುತ್ತಾರೆ. ಸೇತುವೆಯ ಬಳಿ ನಿಂತು ಒಮ್ಮೆ ಬಿಚ್ಚಿ ನೋಡಿದರು. ನೋಡಿ ಏನು ಪ್ರಯೋಜನ, ಮುಚ್ಚಿ ನಡೆದರು.

ನಡೆದದ್ದೆಲ್ಲ ಕೇಳಿ ಸಫಿಯಾ ಅತ್ತಳು. "ನನ್ನಿಂದ ನಿಮ್ಮ ಮರ್ಯಾದೆ ಹೋಯ್ತು ಉಪ್ಪಾ," ಎಂದಳು. ಅವರು ಸದಸ್ಯರ ಪುಸ್ತಕವನ್ನು ಅವಳ ಮುಂದಿಟ್ಟರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊಸ ಸಾಲಿನಲ್ಲಿ ಸಹಿ ಹಾಕಿದಳು.

"ಮೇಲೆ, ನನ್ನ ಹೆಸರಿನ ಪಕ್ಕ," ಆದಂ ಕುಂಞಿಯವರು ಕಿಟಕಿಯ ಕಡೆ ಮುಖ ಮಾಡಿ ಕೇಳಿದರು, "ಎಂತ ಬರೆದಿದ್ದಾರೆ?"

ಸಫಿಯಾ ಬೆರಳಿಟ್ಟು ಓದಿದಳು. "ಮಗಳಿಗೆ ಬಿಟ್ಟುಕೊಟ್ಟಿದ್ದಾರೆ."

"ಅಷ್ಟೆಯಾ?"

"ಅಷ್ಟೆ."

ಅವರು ಹತ್ತಿರ ಬಂದು ಚಾಪೆಯ ಮೇಲೆ ಕುಳಿತರು. "ಅದರಲ್ಲಿ 'ಮಗಳಿಗೆ' ಯಾವುದು?" ಎಂದರು. ಸಫಿಯಾ ತೋರಿಸಿದಳು. ಆದಂ ಕುಂಞಿಯವರು ಬಗ್ಗಿ ಆ ನಾಲ್ಕು ಅಕ್ಷರಗಳನ್ನು ನೋಡುತ್ತ ಕುಳಿತರು.